ಐದನೆಯ ಕುರ್ಚಿ

ಮೇಷ್ಟ್ರು ಮೂರು ಗಂಟೆಗೆ ಬರುತ್ತೇನೆಂದಿದ್ದರು. ಈಗಿನ್ನೂ ಹತ್ತೂಕಾಲು. ಅಷ್ಟರಲ್ಲಾಗಲೇ ಅವನು ಮೇಜಿನ ಬಲಗಡೆಯ ಕೆಳಗಿನ ಡ್ರಾಯರನ್ನು ಎರಡು ಸಲ ಎಳೆದು ನೋಡಿದ್ದ. ಬೀಗ ಹಾಕಿಯೇ ಇತ್ತು. ಹಾಕಿದವನು ತಾನೇ, ಕೀಲಿಕೈ ಇರುವುದು ತನ್ನ ಜೇಬಿನಲ್ಲೇ, ಆದರೂ ಒಳಗಿರುವ ಟಪಾಲು ಪುಸ್ತಕ ತಾನಾಗಿ ಎದ್ದು ಬಂದು ಮೇಜಿನ ಮೇಲೆ ಬಿಚ್ಚಿಕೊಂಡು ಕೂತುಬಿಟ್ಟರೆ ಎಂಬ ಭಯ. ಹುಚ್ಚು, ಶುದ್ಧ ಹುಚ್ಚು ಎಂದು ಬೈದುಕೊಂಡ. ಬೆಳಿಗ್ಗೆ ಅವನು ಗಡ್ಡ ಕೆರೆದುಕೊಳ್ಳುತ್ತಿದ್ದಾಗ ಹೆಂಡತಿಯೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಳು. "ರೀ, ಆಗ್ಲಿಂದ ಒಂದೇ ಕೆನ್ನೆ ಕೆರ್ಕೊಳ್ತಾ ನಿಂತಿದೀರ, ಇನ್ನೊಂದು ಕೆನ್ನೆ ಯಾರಿಗೆ ಬಿಟ್ರಿ?" ಎಂದಿದ್ದಳು. ನಗಬೇಕಾಗಿತ್ತು, ನಗು ಬರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಈ ಕೋಣೆಯಲ್ಲಿ ಅವನು ಹದಿನೆಂಟು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿದ್ದಾನೆ. ಕಿಟಕಿ ಅಂದರೆ ಸೂರಿಗೆ ತಾಗಿದಂತೆ ಒಂದು ಗೇಣಿನ ಸಂದು. ಅದರ ಕಂಬಿಗಳ ಆಚೆ ಕಾಣುವುದು ರಸ್ತೆಯಲ್ಲಿ ಹೋಗುವವರ ಪಾದಗಳು ಮಾತ್ರ. ಪಾದ ನೋಡಿಯೇ ಯಾರು ಬಂದರು, ಯಾರು ತಡವಾಗಿ ಬಂದರು ಎಂದು ಹೇಳಬಲ್ಲ. ಮೇಷ್ಟ್ರಾದರೆ ಆ ಕಂಬಿಗೆ ಬೂಟಿನ ತುದಿಯಿಂದ ಎರಡು ಸಲ ತಟ್ಟಿಯೇ ಮುಂದೆ ಹೋಗುತ್ತಿದ್ದರು. ಬರುವಾಗ ಎರಡು, ಮನೆಗೆ ಹೊರಡುವಾಗ ಎರಡು. ನಿವೃತ್ತರಾಗಿ ಮೂರು ವರ್ಷವಾದರೂ ಈ ಕಡೆ ಬಂದಾಗಲೆಲ್ಲ ಆ ಅಭ್ಯಾಸ ಬಿಟ್ಟಿರಲಿಲ್ಲ.

ಹೋದ ವಾರ ಅವರ ಫೋನು ಬಂದಾಗ ದನಿ ಬಾವಿಯೊಳಗಿಂದ ಬಂದಂತಿತ್ತು. "ಅವಳ ಬಟ್ಟೆ ಕಪಾಟು ಖಾಲಿ ಮಾಡ್ತಿದ್ದೆ ಕಣೋ. ಮಡಿಕೆ ಒಳಗೆ ಒಂದು ಹಳದಿ ಕಾಗದ ಸಿಕ್ತು. ನಮ್ಮ ಆಸ್ಪತ್ರೆದೇ. ಪರೀಕ್ಷೆಯಲ್ಲಿ ಏನೋ ಕಂಡಿದೆ, ತಕ್ಷಣ ಮತ್ತೊಮ್ಮೆ ಬಂದು ತೋರಿಸಿ ಅಂತ. ಹೋದ ವರ್ಷದ ಮಾರ್ಚ್ ಒಂಬತ್ತನೇ ತಾರೀಖು." ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ. "ಅವಳು ನನ್ನ ಹತ್ರ ಬಾಯಿ ಬಿಟ್ಟಿದ್ದು ಮೇ ಇಪ್ಪತ್ತಮೂರಕ್ಕೆ. ಎಪ್ಪತ್ತೈದು ದಿನ. ಎಪ್ಪತ್ತೈದು ದಿನ ನನ್ನಿಂದ ಮುಚ್ಚಿಟ್ಟಿದಾಳೆ ಕಣೋ, ಒಂದೇ ಮನೆಯಲ್ಲಿ ಇದ್ಕೊಂಡು. ಎರಡು ತಿಂಗಳು ಮೊದಲೇ ಬಂದಿದ್ರೆ ಉಳಿಸ್ಕೋಬಹುದಿತ್ತು ಅಂತ ಡಾಕ್ಟ್ರು ಅಂದಿದ್ರು. ನೀನೊಂದ್ಸಲ ರೆಕಾರ್ಡ್ ನೋಡಿ ಹೇಳು, ಕಳಿಸಿದ ದಿನ ಯಾವುದು ಅಂತಿದೆ?" ಅವನಿಗೆ ನೋಡಬೇಕಾಗಿರಲಿಲ್ಲ. ಆದರೂ ಫೋನಿನಲ್ಲಿ ಕೇಳಲಿ ಎಂದು ಕೀಲಿಗಳನ್ನು ಟಪಟಪ ಒತ್ತಿದ. ಎಂಥ ನಾಟಕ! ಆಮೇಲೆ ಹೇಳಿದ: "ಮಾರ್ಚ್ ಒಂಬತ್ತು ಅಂತಲೇ ಇದೆ ಮೇಷ್ಟ್ರೇ." ಸುಳ್ಳಲ್ಲ. ರೆಕಾರ್ಡಿನಲ್ಲಿ ಹಾಗೆಯೇ ಇದೆ. ಒಂದಕ್ಷರವೂ ಸುಳ್ಳಿಲ್ಲದ ಆ ಮಾತು ಹೇಳಿ ಮುಗಿಸುವಷ್ಟರಲ್ಲಿ ಅವನ ಅಂಗೈ ಬೆವೆತು ಫೋನು ಜಾರಿತ್ತು. "ಸರಿ ಬಿಡು," ಅಂದಿದ್ದರು ಮೇಷ್ಟ್ರು. "ಅವಳ ಫೋಟೋ ಗೋಡೆಯಿಂದ ತೆಗೆದು ಒಳಗಿಟ್ಟೆ. ಮುಖ ನೋಡೋಕೆ ಆಗ್ತಿಲ್ಲ."

ಅದೊಂದು ಮಾತು ಅವನನ್ನು ಏಳು ದಿನದಿಂದ ತಿನ್ನುತ್ತಿದೆ. ಅಕ್ಕ ಜನವರಿಯಲ್ಲಿ ತೀರಿಕೊಂಡಾಗಲೂ ಹೀಗಾಗಿರಲಿಲ್ಲ. ಮೇಷ್ಟ್ರ ಹೆಂಡತಿಯನ್ನು ಅವನು ಮೊದಲ ದಿನದಿಂದ ಅಕ್ಕ ಎಂದೇ ಕರೆದವನು. ಆಗ ಅತ್ತಿದ್ದ, ಎಲ್ಲರ ಜೊತೆ ನಿಂತು ಅತ್ತಿದ್ದ, ಎಲ್ಲರ ಜೊತೆ ನಿಂತದ್ದರಿಂದ ಅಳುವುದು ಸುಲಭವಾಗಿತ್ತು. ಸತ್ತವರಿಗೆ ಏನೂ ತಟ್ಟುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಈಗ ನೋಡಿದರೆ ಸತ್ತವಳಿಗೂ ತಟ್ಟಿದೆ. ಗಂಡನ ಕಣ್ಣಿನಲ್ಲಿ ಅವಳು ಕಳ್ಳಿಯಾಗಿದ್ದಾಳೆ, ಗೋಡೆಯಿಂದ ಇಳಿದಿದ್ದಾಳೆ. ಅವಳು ಬಾಯಿಬಿಟ್ಟು ಇಲ್ಲ ಅನ್ನುವ ಹಾಗಿಲ್ಲ. ಅನ್ನಬಲ್ಲವನು ಲೋಕದಲ್ಲಿ ಒಬ್ಬನೇ, ಅವನು ಇಲ್ಲಿ ಕೂತು ಡ್ರಾಯರು ಎಳೆದು ನೋಡುತ್ತಿದ್ದಾನೆ. ಥೂ, ಎಂದುಕೊಂಡ. ಕಿಟಕಿಯ ಸಂದಿನಲ್ಲಿ ಒಂದು ಜೊತೆ ಕಂದು ಚಪ್ಪಲಿ ಹಾದುಹೋಯಿತು. ಎಡ ಹಿಮ್ಮಡಿ ಸವೆದ ಚಪ್ಪಲಿ. ಅಕ್ಕನ ಚಪ್ಪಲಿಯೂ ಎಡಗಡೆಯೇ ಸವೆಯುತ್ತಿತ್ತು. ಸವೆದ ಚಪ್ಪಲಿ ಊರಿನಲ್ಲಿ ಸಾವಿರ ಇರುತ್ತವೆ ಎಂದು ಬುದ್ಧಿ ಹೇಳುತ್ತದೆ. ಆದರೆ ಈ ವರ್ಷ ಅವನು ಕಂಡ ಪ್ರತಿ ಸವೆದ ಹಿಮ್ಮಡಿಯೂ ಈ ಕಿಟಕಿಯ ಮುಂದೆ ಒಂದು ಗಳಿಗೆ ನಿಧಾನಿಸಿದಂತೆಯೇ ಅನಿಸಿದೆ.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಪ್ಪು ಕಂಡರೆ ಕಿವಿಯ ಮೇಲಿನಿಂದ ಪೆನ್ಸಿಲು ತೆಗೆಯುವ ಅವರ ರೀತಿಗೆ ಆ ಹೆಸರು ಬಂದು ಅಂಟಿಕೊಂಡಿತ್ತು. ಆಸ್ಪತ್ರೆಯ ಡೇಟಾಬೇಸನ್ನು ಯಾರ ಕೈಯೂ ಸೋಕದಂತೆ ತಾನೇ ತೆರೆದು, ಪರೀಕ್ಷೆಯಲ್ಲಿ ಏನಾದರೂ ಕಂಡವರ ಹೆಸರುಗಳನ್ನು ಹೆಕ್ಕಿ, ಹಳದಿ ಕಾಗದದ ಮೇಲೆ ಅಚ್ಚು ಹಾಕಿಸುವ ಪ್ರೋಗ್ರಾಂ ಬರೆದವರು ಅವರೇ. ದಿನಾ ಸಂಜೆ ಐದಕ್ಕೆ ಪ್ರಿಂಟ್ ರೂಮಿನ ಕಂಪ್ಯೂಟರಿನಲ್ಲಿ ಅದು ಎದ್ದು ಕೆಲಸ ಮುಗಿಸಿ ಮಲಗುತ್ತಿತ್ತು. ನಿಧಾನದ ಪ್ರೋಗ್ರಾಂ. ಪ್ರತಿ ಕೆಲಸಕ್ಕೂ ಅದು ಡೇಟಾಬೇಸಿನ ಬಾಗಿಲಿಗೆ ಹೋಗಿ ಹೆಸರು ಹೇಳಿ ಕೇಳುತ್ತಿತ್ತು: ನಿನ್ನಲ್ಲಿ 'ಕಾಗದ ಅಚ್ಚು ಮಾಡು' ಎಂಬ ಕೆಲಸ ಬಲ್ಲವರು ಇದ್ದಾರೆಯೇ, ಇದ್ದರೆ ಕರಿ. ಅವನು ಹೊಸದಾಗಿ ಸೇರಿದಾಗ ಇದನ್ನು ನೋಡಿ ನಕ್ಕಿದ್ದ. "ಇದೇನು ಮೇಷ್ಟ್ರೇ, ದಿನಾ ನೋಡೋ ಮುಖಾನೇ ದಿನಾ ಯಾರಪ್ಪಾ ನೀನು ಅಂತ ಕೇಳಿದ ಹಾಗಾಯ್ತು. ಡೇಟಾಬೇಸಿನ ಕೆಲಸಗಳ ಪಟ್ಟಿಯಲ್ಲಿ ಅದು ಐದನೇದು ಅಂತ ಮೊದಲೇ ಗೊತ್ತಿದೆ. ಸೀದಾ ಐದನೇದನ್ನೇ ಕರೆದ್ರೆ ಆಗಲ್ವಾ?" ಮೇಷ್ಟ್ರು ಪೆನ್ಸಿಲು ತೆಗೆದಿದ್ದರು. "ಹೆಸರು ಹಿಡಿದು ಕೂಗಿದ್ರೆ ಮನುಷ್ಯ ಎಲ್ಲಿ ಕೂತಿದ್ರೂ ಓ ಅಂತಾನೆ. ಇಲ್ಲದಿದ್ರೆ ಇಲ್ಲ ಅನ್ನೋದಾದ್ರೂ ಗೊತ್ತಾಗುತ್ತೆ. ಐದನೇ ಕುರ್ಚಿಯವರು ಬನ್ನಿ ಅಂದ್ರೆ, ಅವತ್ತು ಅಲ್ಲಿ ಯಾರು ಕೂತಿರ್ತಾರೋ ಅವರೇ ಎದ್ದು ಬರ್ತಾರೆ. ಬಂದೋರು ಬೇರೆಯೋರು ಅಂತ ಕಂಪ್ಯೂಟರಿಗೆ ಹೇಗೆ ತಿಳಿಬೇಕು?" ಆ ಮಾತು ಅವನಿಗೆ ಆಗ ಮುದುಕರ ಮಾತಿನ ಹಾಗೆ ಕೇಳಿಸಿತ್ತು.

ಮೇಷ್ಟ್ರು ನಿವೃತ್ತರಾಗುವ ಮೊದಲಿನ ತಿಂಗಳು ಅವನು ಪ್ರೋಗ್ರಾಮನ್ನು ಬದಲಾಯಿಸಿಬಿಟ್ಟ. ಹೆಸರು ಕೇಳುವುದಿಲ್ಲ, ಕುರ್ಚಿಯ ಸಂಖ್ಯೆ ಕರೆಯುತ್ತದೆ. ನಲವತ್ತು ನಿಮಿಷದ ಕೆಲಸ ಆರು ನಿಮಿಷಕ್ಕೆ ಇಳಿಯಿತು. ಮಾಡಿದ್ದು ತಪ್ಪಲ್ಲ, ಹಾಗೆ ಮಾಡುವವರು ಬೇಕಾದಷ್ಟಿದ್ದಾರೆ, ನಿಯಮ ಪಾಲಿಸಿದರೆ ಏನೂ ಆಗುವುದಿಲ್ಲ. ಆದರೆ ಅದನ್ನು ಮೇಷ್ಟ್ರ ಬೀಳ್ಕೊಡುಗೆಯ ದಿನವೇ, ಕೈಯಲ್ಲಿ ಮೈಕು ಹಿಡಿದು, ಎಲ್ಲರೆದುರಿಗೆ ಹೇಳಬೇಕಿತ್ತೇ? "ನಮ್ಮ ಮೇಷ್ಟ್ರ ಪ್ರೋಗ್ರಾಂ ನಲವತ್ತು ನಿಮಿಷ ತಗೊಳ್ತಿತ್ತು, ಈಗ ಆರೇ ನಿಮಿಷ. ಇದೇ ಅವರಿಗೆ ನನ್ನ ಕಾಣಿಕೆ" ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮೇಷ್ಟ್ರೂ ತಟ್ಟಿದ್ದರು, ತಟ್ಟುವಾಗ ನೆಲ ನೋಡುತ್ತಿದ್ದರು. ಅಕ್ಕ ಮಾತ್ರ ತಟ್ಟಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಅವನನ್ನು ನಿಲ್ಲಿಸಿ, ಅವಳ ಎಂದಿನ ತಮಾಷೆಯ ದನಿಯಲ್ಲೇ ಕೇಳಿದ್ದಳು: "ಅಲ್ಲಪ್ಪಾ, ಆ ಮೂವತ್ತನಾಲ್ಕು ನಿಮಿಷ ಉಳಿಸಿ ಏನು ಮಾಡ್ತೀಯ?" ಅವನು ಪೆಚ್ಚಾಗಿ ನಕ್ಕಿದ್ದ. ಈಗಲೂ ಸ್ನಾನದ ನೀರು ಮೈಮೇಲೆ ಬಿದ್ದಾಗ, ಬಸ್ಸು ಸಿಗ್ನಲಿನಲ್ಲಿ ನಿಂತಾಗ, ಮಾತಿನ ನಡುವೆ ಹೆಂಡತಿ ಉಸಿರು ತೆಗೆದುಕೊಂಡಾಗ, ಆ ಪ್ರಶ್ನೆ ಕೇಳಿಸುತ್ತದೆ. ಏನು ಮಾಡ್ತೀಯ. ಉಳಿಸಿ ಏನು ಮಾಡ್ತೀಯ.

ನಿಯಮ ಒಂದೇ ಇತ್ತು. ಪಟ್ಟಿಗೆ ಹೊಸ ಕೆಲಸ ಸೇರಿಸುವುದಾದರೆ ಕೊನೆಗೆ ಸೇರಿಸು, ನಡುವೆ ತೂರಿಸಬೇಡ. ಮೇಷ್ಟ್ರು ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಮಾನಿಟರಿನ ಮೇಲೆ ಅಂಟಿಸಿದ್ದರು. ಮಾನಿಟರು ಬದಲಾದಾಗ ಚೀಟಿ ಹಳೆಯದರ ಜೊತೆ ಹೋಯಿತು. ಹೋದ ವರ್ಷ ಮಾರ್ಚ್ ಮೂರರಂದು ಅವನು 'ವಿಳಾಸ ಸರಿನೋಡು' ಎಂಬ ಹೊಸ ಕೆಲಸವೊಂದನ್ನು ಬರೆದ. ಪಟ್ಟಿಯಲ್ಲಿ ಮೂರನೆಯದು 'ವಿಳಾಸ ತೆಗೆ' ಎಂದಿತ್ತು. ವಿಳಾಸದ್ದು ವಿಳಾಸದ ಪಕ್ಕವೇ ಇರಲಿ, ನೋಡಲು ಚೆಂದ, ಎಂದು ನಾಲ್ಕನೆಯ ಜಾಗದಲ್ಲಿ ಕೂರಿಸಿದ. ಚೆಂದಕ್ಕೆ! ಅಲ್ಲಿ ಕೂತಿದ್ದ 'ಕಳಿಸಿದ್ದಾಯಿತೆಂದು ಗುರುತು ಹಾಕು' ಐದನೆಯ ಕುರ್ಚಿಗೆ ಸರಿಯಿತು, ಐದರಲ್ಲಿದ್ದ 'ಕಾಗದ ಅಚ್ಚು ಮಾಡು' ಆರಕ್ಕೆ. ಹಳೆಯದರ ಜೊತೆ ಹೊಂದಾಣಿಕೆ ಮುರಿಯುತ್ತದೆ, ಮುಂದುವರಿಯಲೇ ಎಂದು ಪರದೆ ಕೇಳಿತು. ಕೇಳಿತು, ಅದನ್ನು ಅವನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಹೌದು ಎಂದು ಒತ್ತಿದ. ಪಟ್ಟಿಯ ಗುರುತಿನ ಸಂಖ್ಯೆಯನ್ನಾದರೂ ಬದಲಿಸಿದ್ದರೆ ಹಳೆಯ ಪ್ರೋಗ್ರಾಮುಗಳು ಇದು ನನಗೆ ಗೊತ್ತಿಲ್ಲದ್ದು ಎಂದು ಅಲ್ಲೇ ನಿಂತುಬಿಡುತ್ತಿದ್ದವು. ಅದನ್ನೂ ಹಳೆಯದೇ ಇಟ್ಟ, ಎಲ್ಲ ಕಡೆ ಹೋಗಿ ನೋಂದಾಯಿಸುವ ಕಾಟ ಬೇಡವೆಂದು. ಪಟ್ಟಿ ಬಳಸುವ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ಹೊಸ ಪಟ್ಟಿಗೆ ಸರಿಯಾಗಿ ಮತ್ತೆ ಕಟ್ಟುತ್ತ, ಅಂದರೆ ಹೊಸ ಕುರ್ಚಿ ಸಂಖ್ಯೆಗಳನ್ನು ಅವುಗಳಿಗೆ ಕಲಿಸುತ್ತ ಬಂದ. ಕೊನೆಗೆ ಉಳಿದದ್ದು ಪ್ರಿಂಟ್ ರೂಮಿನ ಕಂಪ್ಯೂಟರು. ಹೋದರೆ ಬಾಗಿಲಿಗೆ ಬೀಗ, ಅಲ್ಲಿಯಾಕೆ ಊಟಕ್ಕೆ ಹೋಗಿದ್ದರು. ಆಮೇಲೆ ಬರೋಣವೆಂದುಕೊಂಡ. ಆ ಆಮೇಲೆ ಬರಲೇ ಇಲ್ಲ.

ಅವತ್ತಿನಿಂದ ಸಂಜೆ ಐದಕ್ಕೆ ಹಳೆಯ ಪ್ರೋಗ್ರಾಂ ಎದ್ದು ಐದನೆಯ ಕುರ್ಚಿಯವರನ್ನು ಕರೆಯುತ್ತಿತ್ತು. ಅಚ್ಚು ಮಾಡುವವನ ಬದಲು ಗುರುತು ಹಾಕುವವನು ಎದ್ದು ಬಂದು ಇಂಥವರಿಗೆ ಕಾಗದ ಕಳಿಸಿದ್ದಾಯಿತು ಎಂದು ಬರೆದು ಕೂರುತ್ತಿದ್ದ. ಆಮೇಲೆ ಗುರುತಿಗಾಗಿ ನಾಲ್ಕನೆಯವನನ್ನು ಕರೆದರೆ ಹೊಸಬ ಎದ್ದು ವಿಳಾಸ ಸರಿಯಿದೆ ಅನ್ನುತ್ತಿದ್ದ. ಎಲ್ಲರಿಗೂ ಬೇಕಾದದ್ದು ರೋಗಿಯ ಸಂಖ್ಯೆಯೊಂದೇ, ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. ಒಂದು ತಪ್ಪು ಸಂದೇಶವಿಲ್ಲ, ಒಂದು ಕೆಂಪು ದೀಪವಿಲ್ಲ. ಆರು ನಿಮಿಷವೂ ಬೇಕಾಗದೆ ಎಲ್ಲ ಮುಗಿಯುತ್ತಿತ್ತು. ಮೊದಲನೆಯ ವಾರವೇ ಪ್ರಿಂಟ್ ರೂಮಿನಾಕೆ ಹೇಳಿದ್ದರು, "ಏನ್ ಸಾರ್, ನಿಮ್ಮ ಹಳದಿ ಪ್ರಿಂಟರ್ ಉಪವಾಸ ಕೂತಿರೋ ಹಾಗಿದೆ, ಹೊಸ ಕಟ್ಟು ಒಡೆದೇ ಇಲ್ಲ ನಾನು." ಅವನು, "ಊರಿನವರ ಆರೋಗ್ಯ ಸುಧಾರಿಸಿದೆ ಬಿಡಿ ಮೇಡಂ, ಸಂತೋಷಪಡಿ" ಎಂದು ನಕ್ಕಿದ್ದ. ಆಕೆಯೂ ನಕ್ಕಿದ್ದರು. ಅದೇ ತಮಾಷೆಯನ್ನು ಇಬ್ಬರೂ ಕಾರಿಡಾರಿನಲ್ಲಿ ಮತ್ತೆ ಮತ್ತೆ ಆಡಿದ್ದರು. ಹನ್ನೊಂದು ವಾರ. ಒಬ್ಬ ಮುದುಕ ಬಂದು ನನಗೆ ಕಾಗದವೇ ಬರಲಿಲ್ಲವಲ್ಲ ಎಂದು ಕೌಂಟರಿನಲ್ಲಿ ಜಗಳ ತೆಗೆದ ದಿನ ಅವನು ಪ್ರಿಂಟ್ ರೂಮಿಗೆ ಓಡಿಹೋಗಿ ನೋಡಿದ. ಹಳದಿ ಕಟ್ಟು ಹಾಗೇ ಇತ್ತು, ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ.

ನಲವತ್ತೊಂದು ಹೆಸರು. ಆ ಪಟ್ಟಿಯಲ್ಲಿ ಹದಿನಾಲ್ಕನೆಯದು ಅಕ್ಕನದು. ಆ ಹೊತ್ತಿಗೆ ಮೇಲಕ್ಕೆ ಹೋಗಿ ಹೇಳಬಹುದಿತ್ತು. ಹದಿನೇಳು ಮೆಟ್ಟಿಲು, ಎಡಗಡೆ ತಿರುಗಿದರೆ ಮುಖ್ಯಸ್ಥರ ಕೋಣೆ. ಹೋಗಲಿಲ್ಲ. ಹೊಸ ಕೆಲಸವನ್ನು ಪಟ್ಟಿಯ ಕೊನೆಗೆ ತಳ್ಳಿದ, ಕಟ್ಟಿದ, ನಲವತ್ತೊಂದನ್ನೂ ಅಚ್ಚು ಹಾಕಿದ. ಕಾಗದದ ಮೇಲಿನ ತಾರೀಖನ್ನು ಪ್ರೋಗ್ರಾಂ ರೆಕಾರ್ಡಿನಿಂದಲೇ ತೆಗೆಯುತ್ತದೆ, ಹಾಗಾಗಿ ಎಲ್ಲದರ ಮೇಲೂ ಹಳೆಯ ತಾರೀಖುಗಳೇ ಬಂದವು. ಬದಲಾಯಿಸಬಹುದಿತ್ತು, ಬದಲಾಯಿಸಿದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಇರಲಿ, ಕಾಗದ ತಲುಪುವುದು ಮುಖ್ಯ, ತಡವಾದದ್ದಕ್ಕೆ ಆಸ್ಪತ್ರೆಯ ಟಪಾಲಿನವನನ್ನು ಬೈದುಕೊಳ್ಳಲಿ. ಹಾಗೆಯೇ ಆಯಿತು. ನಲವತ್ತು ಜನ ಬಂದರು, ಟಪಾಲಿನವನನ್ನು ಬೈದರು, ಔಷಧಿ ತಗೊಂಡರು, ಕೆಲವರಿಗೆ ಆಪರೇಷನ್ ಆಯಿತು, ಎಲ್ಲರೂ ಬದುಕಿದ್ದಾರೆ. ಅವನು ಒಬ್ಬೊಬ್ಬರ ರೆಕಾರ್ಡೂ ನೋಡಿದ್ದಾನೆ. ಟಪಾಲಿನವನು ಮನೆಮನೆಗೆ ಹೋಗಿ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡು ತಂದ ಪುಸ್ತಕದಲ್ಲಿ ಮಾತ್ರ ನಿಜವಾದ ತಾರೀಖು ಇತ್ತು. "ಇದು ತುಂಬಿದೆ, ನನ್ನ ಹತ್ರ ಇರ್ಲಿ, ಹೊಸದು ತಗೋ" ಎಂದು ಅದನ್ನು ಇಸಿದುಕೊಂಡು ಡ್ರಾಯರಿಗೆ ಹಾಕಿ ಬೀಗ ಜಡಿದ. ಇನ್ನೂ ಆರು ಹಾಳೆ ಖಾಲಿಯಿದ್ದವು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ತಟ್ಟೆಯಲ್ಲಿನ ಅನ್ನವನ್ನು ಬದಿಗೆ ಸರಿಸುತ್ತ ಕೂತಿದ್ದ. ಪ್ರಿಂಟ್ ರೂಮಿನಾಕೆ ಎದುರಿಗೆ ಬಂದು ಕೂತರು. "ಸಾರ್, ಒಂದು ಮಾತು ಕೇಳ್ಲಾ? ವರ್ಷದಿಂದ ದಿನಾ ಐದು ಗಂಟೆಗೆ ನನ್ನ ರೂಮಿಗೆ ಬಂದು ಹಳದಿ ಹಾಳೆ ಎಣಿಸ್ತೀರ. ನಾನೇನು ಮನೆಗೆ ಹೊತ್ಕೊಂಡು ಹೋಗ್ತೀನಿ ಅಂದ್ಕೊಂಡ್ರಾ?" ಅವನು, "ಛೆ ಛೆ, ಹಾಗಲ್ಲ ಮೇಡಂ" ಎಂದ. "ಮತ್ತೆ ಹೇಗೆ?" ಎಂದರು ಆಕೆ, ನಗುತ್ತಲೇ. ಆದರೆ ಆ ನಗುವಿನ ಹಿಂದೆ ಒಂದು ಸಣ್ಣ ನೋವಿತ್ತು. ವರ್ಷದಿಂದ ಈ ಹೆಂಗಸು ತನ್ನನ್ನು ಕಳ್ಳಿ ಎಂದು ಅವನು ಅನುಮಾನಿಸುತ್ತಿದ್ದಾನೆಂದು ನೊಂದುಕೊಂಡಿದ್ದಾರೆ. ಇವರೂ, ಎಂದುಕೊಂಡ. ಇವರನ್ನೂ ಕಳ್ಳಿ ಮಾಡಿದೆ. ಇನ್ನೆಷ್ಟು ಜನ ತನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು ತಿರುಗಬೇಕು? ಟಪಾಲಿನವನು ಬೈಗುಳ ತಿಂದ, ಈಕೆ ಅನುಮಾನ ತಿಂದರು, ಅಕ್ಕ ಗೋಡೆಯಿಂದ ಇಳಿದಳು. ಅವನೊಬ್ಬ ಮಾತ್ರ ಸಂಬಳ ತಗೊಂಡು, ಊಟ ಮಾಡಿ, ಒಂದು ಕೆನ್ನೆ ಕೆರೆದುಕೊಂಡು ಇದ್ದಾನೆ. "ನೀವು ಮೊದಲೇ ಹೇಳಿದ್ರಿ ಮೇಡಂ, ಪ್ರಿಂಟರ್ ಉಪವಾಸ ಅಂತ," ಎಂದ. ಆಕೆಗೆ ಅರ್ಥವಾಗಲಿಲ್ಲ. "ಊಟ ಮಾಡಿ ಸಾರ್, ನೀವೇ ಉಪವಾಸ ಇದ್ದ ಹಾಗೆ ಕಾಣ್ತಿದೀರ" ಎಂದು ಎದ್ದು ಹೋದರು.

ಎರಡೂ ಐವತ್ತಕ್ಕೆ ಕಂಬಿಯ ಮೇಲೆ ಟಕ್ ಟಕ್ ಎಂದಿತು. ಕಪ್ಪು ಬೂಟು, ಪಾಲಿಶ್ ಕಾಣದೆ ತಿಂಗಳುಗಳಾದದ್ದು. ಮೇಷ್ಟ್ರು ಒಳಗೆ ಬಂದಾಗ ಅವನು ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಅವರ ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು. ಕಿವಿಯ ಮೇಲೆ ಪೆನ್ಸಿಲಿರಲಿಲ್ಲ. ಜೇಬಿನಿಂದ ಹಳದಿ ಕಾಗದ ತೆಗೆದು ಮೇಜಿನ ಮೇಲಿಟ್ಟು, ಅದರ ಮಡಿಕೆಗಳನ್ನು ಹೆಬ್ಬೆರಳಿನಿಂದ ಸವರಿ ಸರಿಮಾಡಿದರು. "ಫೋನಲ್ಲಿ ನೀನು ಹೇಳ್ದೆ, ಸರಿ. ಆದ್ರೂ ನನ್ನ ಕಣ್ಣಾರೆ ಒಂದ್ಸಲ ನೋಡ್ಬೇಕು ಅನ್ನಿಸ್ತು ಕಣೋ. ಅವಳ ರೆಕಾರ್ಡ್ ತೆಗಿ." ತೆಗೆದ. ಪರೀಕ್ಷೆಯ ದಿನ, ಫಲಿತಾಂಶ, ಕಾಗದ ಕಳಿಸಿದ ದಿನ ಮಾರ್ಚ್ ಒಂಬತ್ತು. ಮೇಷ್ಟ್ರು ಪರದೆಗೆ ಮುಖ ಹತ್ತಿರ ತಂದು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಬೇರೆ ಏನಾದರೂ ಬರೆದಿರಲಿ ಎಂದು ಎಷ್ಟು ಆಸೆಪಟ್ಟು ಬಂದಿದ್ದರು ಎಂಬುದು ಅವರ ಬೆನ್ನು ಬಾಗಿದ ರೀತಿಯಲ್ಲೇ ಕಾಣುತ್ತಿತ್ತು. ಆಮೇಲೆ ಅವರ ಕಣ್ಣು ಕೆಳಗೆ ಇಳಿಯಿತು. ರೆಕಾರ್ಡನ್ನು ಯಾರು ಯಾವಾಗ ತೆರೆದು ನೋಡಿದರು ಎಂಬ ಪಟ್ಟಿ ಅಲ್ಲಿತ್ತು. ಅದನ್ನೂ ಹಿಂದೆ ಅವರೇ ಮಾಡಿಟ್ಟಿದ್ದರು. ಉದ್ದಕ್ಕೂ ಒಂದೇ ಹೆಸರು, ಅವನದು. ದಿನಕ್ಕೊಂದು, ಒಂದೊಂದು ದಿನ ಎರಡು. ಒಟ್ಟು ಮುನ್ನೂರ ಹನ್ನೆರಡು. ಈಗ ಕೇಳುತ್ತಾರೆ, ಈಗ, ಎಂದು ಕಾದ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನೂ ಅವಳನ್ನ ಮರೆತಿಲ್ಲ ಅಲ್ವೇನೋ," ಎಂದರು. ಕೈಯೆತ್ತಿ ಅವನ ಭುಜದ ಮೇಲಿಟ್ಟರು. "ದಿನಾ ಬಂದು ನೋಡಿದೀಯ. ಮಗನ ಥರ ನೋಡ್ಕೊಂಡ್ಲು ನಿನ್ನ. ನಿನಗೆ ಜ್ವರ ಬಂದಾಗ ಮೂರು ದಿನ ನಮ್ಮನೇಲೇ ಮಲಗಿಸ್ಕೊಂಡಿದ್ಲಲ್ಲ. ಅಂಥವಳು ನನಗೆ ಯಾಕೋ ಹೀಗೆ ಮಾಡಿದ್ಲು? ನಾನು ಅಷ್ಟು ಪರಕೀಯನಾ ಅವಳಿಗೆ?" ಆ ಕೈ ಹಗುರಾಗಿತ್ತು, ಬೆಚ್ಚಗಿತ್ತು. ಏನೂ ಹೇಳದಿದ್ದರೆ ಆಯಿತು, ಆ ಕೈ ಅಲ್ಲೇ ಇರುತ್ತದೆ. ಇವತ್ತಿನ ನಂತರವೂ ಇರುತ್ತದೆ, ಮನೆಗೆ ಬಾ ಅನ್ನುತ್ತದೆ, ಫೋನು ಮಾಡುತ್ತದೆ, ಕೊನೆಯವರೆಗೂ ಇರುತ್ತದೆ. ಅವನಿಗೆ ಆ ಕೈ ಬೇಕಾಗಿತ್ತು. ಅಪ್ಪನದ್ದೂ ಅಷ್ಟು ಬೇಕೆನಿಸಿರಲಿಲ್ಲ. ಬೇಕಾಗಿದ್ದರಿಂದಲೇ ಸಹಿಸಲಾಗಲಿಲ್ಲ. ಕಿಟಕಿಯಲ್ಲಿ ಯಾವುದೋ ಪಾದ ನಿಧಾನಿಸಿತು. ಅವನು ತಿರುಗಿ ನೋಡಲಿಲ್ಲ. ಭುಜ ಸರಿಸದೆಯೇ ಕೈಚಾಚಿ, ಕೆಲಸಗಳ ಪಟ್ಟಿಯ ಹೋದ ವರ್ಷದ ಮಾರ್ಚಿನ ಪ್ರತಿಯನ್ನು ಪರದೆಯ ಮೇಲೆ ತೆರೆದ. ಒಂದು ವರ್ಷದಿಂದ ಅಳಿಸಬೇಕೆಂದುಕೊಂಡು ಅಳಿಸಲಾಗದೆ ಇಟ್ಟುಕೊಂಡಿದ್ದ ಪ್ರತಿ.

"ಮೇಷ್ಟ್ರೇ, ಇದನ್ನ ಓದಿ."

ಅವರು ಕನ್ನಡಕ ಹಾಕಿಕೊಂಡರು. ಬೆರಳು ಪರದೆಯ ಮೇಲೆ ಇಳಿಯುತ್ತ ಬಂತು. ಒಂದು, ಎರಡು, ಮೂರು, ವಿಳಾಸ ತೆಗೆ. ನಾಲ್ಕರಲ್ಲಿ ನಿಂತಿತು. ಭುಜದ ಮೇಲಿನ ಕೈ ಯಾವಾಗ ಹೋಯಿತೋ ತಿಳಿಯಲಿಲ್ಲ.

"ಇದು ಇಲ್ಲಿಗೆ ಯಾವಾಗ ಬಂತು?"

"ಮಾರ್ಚ್ ಮೂರಕ್ಕೆ."

"ಪ್ರಿಂಟ್ ರೂಮಿಂದು ಮತ್ತೆ ಕಟ್ಟಿದ್ಯಾ?"

"ಇಲ್ಲ ಮೇಷ್ಟ್ರೇ. ಹೋಗಿದ್ದೆ. ಬೀಗ ಹಾಕಿತ್ತು. ಆಮೇಲೆ ಮರೆತೆ."

ಇನ್ನು ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಆ ಆರು ಸಾಲಿನ ಪಟ್ಟಿಯಲ್ಲಿ ಇಡೀ ಕಥೆಯನ್ನು ಓದಬಲ್ಲವರು ಇಡೀ ಕಟ್ಟಡದಲ್ಲಿ ಇವರಿಬ್ಬರೇ. ಮೇಷ್ಟ್ರ ತುಟಿ ಅಲುಗಿತು. ಐದನೇ ಕುರ್ಚಿ, ಎಂದರೇನೋ. ಆಮೇಲೆ ಅವರು ಕೇಳಿದ್ದು ಅವನು ಎಣಿಸದೇ ಇದ್ದ ಪ್ರಶ್ನೆ. "ಎಷ್ಟು ಜನ?" ನಲವತ್ತೊಂದು ಎಂದ. "ಮಿಕ್ಕೋರು?" ಬಂದರು, ಎಲ್ಲರೂ ಇದ್ದಾರೆ ಎಂದ. "ಇದಾರಾ?" ಎಂದು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು, ತಲೆಯಾಡಿಸಿದರು. ಅವರು ಎದ್ದು ನಿಂತು ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ಹೊಡೆಯಲಿಲ್ಲ. ಅವನು ಬಗ್ಗಿ ಡ್ರಾಯರಿನ ಬೀಗ ತೆಗೆದ. ಟಪಾಲು ಪುಸ್ತಕದ ಆ ಹಾಳೆ ಹುಡುಕಬೇಕಾಗಿರಲಿಲ್ಲ, ಬಿಚ್ಚಿದರೆ ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತಿತ್ತು. ಹದಿನಾಲ್ಕನೆಯ ಸಾಲು. ನೀಲಿ ಶಾಯಿಯಲ್ಲಿ ಅಕ್ಕನ ಸಹಿ, ಮೊದಲಕ್ಷರ ದೊಡ್ಡದು, ಉಳಿದದ್ದು ಅವಸರದ್ದು. ಪಕ್ಕದಲ್ಲಿ ಟಪಾಲಿನವನ ಕೈಬರಹದಲ್ಲಿ ತಾರೀಖು, ಮೇ ಇಪ್ಪತ್ತೆರಡು, ಮಧ್ಯಾಹ್ನ ಹನ್ನೆರಡೂವರೆ.

ಮೇಷ್ಟ್ರು ಸಹಿಯ ಮೇಲೆ ಬೆರಳಿಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. "ಇಪ್ಪತ್ತೆರಡು ಮಧ್ಯಾಹ್ನ," ಎಂದರು ಕೊನೆಗೆ. ದನಿ ತಮಗೇ ಹೇಳಿಕೊಂಡಂತಿತ್ತು. "ನಾನು ಪೇಟೆಗೆ ಹೋಗಿದ್ದೆ ಅವತ್ತು. ಮರುದಿನ ಬೆಳಿಗ್ಗೆ ಕಾಫಿ ಕೊಡ್ತಾ ಅಂದ್ಲು, ಯಾಕೋ ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ತೀನ್ರೀ, ಸುಮ್ನೆ, ಅಂತ. ಕಾಗದ ಬಂದಿರಬೇಕಿತ್ತಲ್ಲ ಅಂತ ನಾನು ಅಂದೆ. ಕಾಗದ ಬರದಿದ್ರೆ ಏನೂ ಇಲ್ಲ ಅಂತಲೇ ಲೆಕ್ಕ, ನನ್ನ ಪ್ರೋಗ್ರಾಂ ಕಣೇ ಅದು, ಅಂದೆ. ನಕ್ಕಳು." ಅವರು ಹಳದಿ ಕಾಗದವನ್ನು ಎತ್ತಿ ತಾರೀಖು ನೋಡಿದರು, ಪುಸ್ತಕ ನೋಡಿದರು. "ಇದರ ತಾರೀಖು ನೋಡಿರ್ತಾಳೆ. ಎರಡೂವರೆ ತಿಂಗಳು ತಡ ಅಂತ ಗೊತ್ತಾಗಿರುತ್ತೆ. ನನ್ನ ಪ್ರೋಗ್ರಾಂ ಕೈಕೊಟ್ಟಿದೆ ಅಂತ ನನಗೆ ತಿಳಿದ್ರೆ ನಾನು ಬದುಕಲ್ಲ ಅಂದ್ಕೊಂಡ್ಳು. ಅದಕ್ಕೇ ಬಟ್ಟೆ ಒಳಗೆ ಸೇರಿಸಿದ್ಲು." ಮಾತು ಅಲ್ಲಿಗೆ ತುಂಡಾಯಿತು. ಅರವತ್ತು ದಾಟಿದ ಆ ಮನುಷ್ಯ ಮೇಜಿಗೆ ಹಣೆಯೂರಿ ಬಿಕ್ಕಿ ಬಿಕ್ಕಿ ಅತ್ತರು. "ನಾನು ಅವಳ ಫೋಟೋ ತೆಗೆದಿಟ್ಟೆನಲ್ಲೋ. ಒಂದು ವಾರ ಅವಳ ಮುಖ ಗೋಡೆ ಕಡೆ ತಿರುಗಿಸಿ ಇಟ್ಟಿದೀನಲ್ಲೋ." ಅವನು ಅವರ ಬೆನ್ನಿನ ಮೇಲೆ ಕೈಯಿಡಬೇಕೆಂದು ಕೈಯೆತ್ತಿದ. ಇಡುವ ಹಕ್ಕು ತನಗಿಲ್ಲವೆಂದು ತಿಳಿದು ಹಾಗೇ ಇಳಿಸಿದ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎದ್ದರು. ಮುಖ ಒರೆಸಿಕೊಂಡು, ಹಳದಿ ಕಾಗದವನ್ನು ಅದರದೇ ಮಡಿಕೆಗಳಲ್ಲಿ ಮಡಿಸಿ ಎದೆಯ ಜೇಬಿಗೆ ಹಾಕಿಕೊಂಡರು. ಟಪಾಲು ಪುಸ್ತಕವನ್ನು ಅವನ ಕಡೆಗೆ ತಳ್ಳಿದರು. "ಇದನ್ನ ಮೇಲೆ ತಗೊಂಡು ಹೋಗಿ ಕೊಡು. ನಾನು ಕೊಡಲ್ಲ, ನೀನೇ ಕೊಡ್ಬೇಕು." ಹೂಂ ಎಂದ. ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಅಕ್ಕ ಅವತ್ತು ನಿಲ್ಲಿಸಿ ಕೇಳಿದ್ದು ಇದೇ ಬಾಗಿಲಿನಲ್ಲಲ್ಲ, ಆದರೆ ಅವನಿಗೆ ಇದೇ ಬಾಗಿಲೆನಿಸಿತು.

"ಈ ಪುಸ್ತಕ ನಿನ್ನ ಹತ್ರ ಎಷ್ಟು ದಿನದಿಂದ ಇದೆ?"

"ಒಂದು ವರ್ಷ ಹನ್ನೆರಡು ದಿನ."

ಮೇಷ್ಟ್ರು ಅವನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಅದೇ ಅವನಿಗೆ ತಡೆಯಲಾಗಲಿಲ್ಲ.

"ಅವಳು ಒಂದು ರಾತ್ರಿ ಇಟ್ಕೊಂಡಿದ್ಲು," ಎಂದರು.

ಮೆಟ್ಟಿಲು ಹತ್ತುವ ಸದ್ದು ನಿಧಾನವಾಗಿ ಮೇಲಕ್ಕೆ ಹೋಯಿತು. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೋಣೆಯ ನಡುವೆ ನಿಂತಿದ್ದ. ಮೇಲೆ ಹೋಗಬೇಕು, ಹದಿನೇಳು ಮೆಟ್ಟಿಲು, ಎಡಗಡೆ. ಹೋಗುತ್ತೇನೆ, ಈಗಲೇ ಹೋಗುತ್ತೇನೆ, ಅವರು ಈ ಕಿಟಕಿ ದಾಟಲಿ ಎಂದು ತಲೆಯೆತ್ತಿ ಕಾದ. ಕಪ್ಪು ಬೂಟುಗಳು ಸಂದಿನ ಒಂದು ತುದಿಯಲ್ಲಿ ಕಂಡವು. ಕಂಬಿಯ ಪಕ್ಕಕ್ಕೆ ಬಂದವು. ಬೂಟುಗಳು ಅದೇ ನಡಿಗೆಯಲ್ಲಿ ಇನ್ನೊಂದು ತುದಿಗೆ ಹೋದವು, ನಿಲ್ಲಲಿಲ್ಲ.